ಕೇಡು, ಒಳಿತು ಮತ್ತು ಕ್ಷಮೆ: ಯೋಸೇಫನ ಮಾತಿನ ಚಾರಿತ್ರಿಕ ಅವಲೋಕನ

ಬೈಬಲಿನ ಮೊದಲ ಗ್ರಂಥವಾದ ಆದಿಕಾಂಡದ ಕೊನೆಯ ಅಧ್ಯಾಯದ ಮೊದಲರ್ಧ ಒಂದು ಶವಸಂಸ್ಕಾರದ ವೃತ್ತಾಂತ. ಐಗುಪ್ತದಲ್ಲಿ ತೀರಿಕೊಂಡ ಯಾಕೋಬನ ದೇಹವನ್ನು ಅವನ ಮಕ್ಕಳು ಕಾನಾನ್ ದೇಶಕ್ಕೆ ಒಯ್ದು, ಪೂರ್ವಿಕರ ಗವಿಯಲ್ಲಿ ಹೂಳಿ ಹಿಂದಿರುಗುತ್ತಾರೆ. ಆಗ ಹತ್ತು ಮಂದಿ ಅಣ್ಣಂದಿರನ್ನು ಹಳೆಯ ಅಂಜಿಕೆಯೊಂದು ಮತ್ತೆ ಮುತ್ತುತ್ತದೆ. ಹಿಂದೊಮ್ಮೆ ತಾವೇ ಗುಂಡಿಗೆ ತಳ್ಳಿ, 20 ಬೆಳ್ಳಿಯ ತುಂಡುಗಳಿಗೆ ಮಾರಿದ್ದ ತಮ್ಮ ಯೋಸೇಫ ಈಗ ಐಗುಪ್ತದಲ್ಲಿ ಫರೋಹನ ನಂತರದ ಅಧಿಕಾರಿ. ತಂದೆಯ ಮುಖ ನೋಡಿ ಇಷ್ಟು ದಿನ ಸುಮ್ಮನಿದ್ದವನು ಇನ್ನು ಸೇಡು ತೀರಿಸಿಕೊಂಡರೆ ಗತಿಯೇನು? ಅಣ್ಣಂದಿರ ಅಪರಾಧವನ್ನು ಕ್ಷಮಿಸಬೇಕೆಂದು ತಂದೆಯೇ ಸಾಯುವ ಮುನ್ನ ಅಪ್ಪಣೆ ಕೊಟ್ಟಿದ್ದನೆಂದು ಅವರು ಹೇಳಿಕಳುಹಿಸುತ್ತಾರೆ. ಅದನ್ನು ಕೇಳಿ ಯೋಸೇಫ ಅಳುತ್ತಾನೆ. ಅನಂತರ ಅವನು ಆಡುವ ಮಾತಿನ ತಾತ್ಪರ್ಯ ಇಷ್ಟು: ತಾನು ದೇವರ ಸ್ಥಾನದಲ್ಲಿಲ್ಲ, ಅವರು ತನಗೆ ಬಗೆದದ್ದು ಕೇಡನ್ನೇ, ದೇವರು ಅದನ್ನು ಬಹುಜನರ ಪ್ರಾಣ ಉಳಿಯುವಂತೆ ಒಳಿತಾಗಿ ಬಗೆದ.

ಕ್ಷಮೆಯ ಬಗೆಗೆ, ಕೇಡಿನಿಂದಲೂ ದೇವರು ಒಳಿತನ್ನು ತರಬಲ್ಲನೆಂಬ ನಂಬಿಕೆಯ ಬಗೆಗೆ ಕ್ರೈಸ್ತ ಲೋಕದಲ್ಲಿ ನಡೆದಿರುವ ಸುದೀರ್ಘ ಚಿಂತನೆಗೆ ಈ ಮಾತು ಮುಖ್ಯ ಆಧಾರಗಳಲ್ಲೊಂದು. ದೈವಶಾಸ್ತ್ರಜ್ಞರು ಇದನ್ನು ಸಿದ್ಧಾಂತವಾಗಿ ಓದಿದ್ದಾರೆ. ಜಾನಪದ ಅಧ್ಯಯನ ಕೇಳುವ ಪ್ರಶ್ನೆ ಬೇರೆ. ಮಾತನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಆಡುತ್ತಾರೆ? ಗಾದೆಯೊಂದರ ಅರ್ಥವನ್ನು ಅದರ ಪದಗಳಿಂದಷ್ಟೇ ತಿಳಿಯಲಾಗದು, ಬಳಕೆಯ ಸಂದರ್ಭವೇ ಅದನ್ನು ನಿರ್ಧರಿಸುತ್ತದೆಂಬುದು ಈ ಕ್ಷೇತ್ರದ ವಿದ್ವಾಂಸರಿಗೆ ಹೊಸ ಸಂಗತಿಯಲ್ಲ. ಯೋಸೇಫನ ಮಾತೂ ಹಾಗೆಯೇ. ಕೇಡಿಗೆ ಗುರಿಯಾದವನು, ಕೇಡು ಮಾಡಿದವರ ಎದುರಿನಲ್ಲಿ, ತನ್ನದೇ ಬದುಕನ್ನು ಕುರಿತು ಆಡಿದ ಮಾತು ಇದು. ಅದು ಇತರರ ಬಾಯಿಗೆ ದಾಟಿದಾಗ ಏನಾಯಿತೆಂಬುದೇ ಪ್ರಸ್ತುತ ಲೇಖನದ ವಿಚಾರ.

ಯೋಸೇಫನ ಕಥೆಯ ಸಾಮಗ್ರಿಯ ಬಹುಪಾಲು ಜಾನಪದಕ್ಕೆ ಚಿರಪರಿಚಿತ. ಮುಪ್ಪಿನಲ್ಲಿ ಹುಟ್ಟಿದ ಮಗನ ಮೇಲೆ ತಂದೆಯ ಅಕ್ಕರೆ, ಒಡಹುಟ್ಟಿದವರ ಮತ್ಸರ, ಮುಂದಿನ ದೊಡ್ಡತನವನ್ನು ಸೂಚಿಸುವ ಕನಸು, ಸೆರೆಮನೆಯಿಂದ ಅರಮನೆಗೆ ಏರುವ ನಾಯಕ, ಇವೆಲ್ಲ ಅನೇಕ ಜನಾಂಗಗಳ ಕಥೆಗಳಲ್ಲಿ ಸಿಗುತ್ತವೆ. ಆರ್ನೆ ಮತ್ತು ಥಾಮ್ಸನ್ ಅವರ ವರ್ಗಸೂಚಿಯಲ್ಲಿ ಇಂಥ ಕನಸಿನ ಕಥೆಗೆ 725ನೆಯ ಸ್ಥಾನವಿದೆ. ತನ್ನ ಮೋಹಕ್ಕೆ ಒಪ್ಪದ ಯುವಕನ ಮೇಲೆ ಹೆಂಗಸೇ ಸುಳ್ಳು ಅಪವಾದ ಹೊರಿಸುವ ಆಶಯಕ್ಕೆ ಸ್ಟಿತ್ ಥಾಮ್ಸನ್ ಕೆ 2111 ಎಂಬ ಸಂಖ್ಯೆ ಕೊಟ್ಟು, ಯೋಸೇಫನ ಕಥೆಯಿಂದಲೇ ಎತ್ತಿ ‘ಪೋಟೀಫರನ ಹೆಂಡತಿ’ ಎಂದು ಹೆಸರಿಟ್ಟಿದ್ದಾನೆ. ಈ ಆಶಯ ಕ್ರಿ.ಪೂ. 1200ರ ಸುಮಾರಿನ ಈಜಿಪ್ಟಿನ ‘ಇಬ್ಬರು ಸಹೋದರರ ಕಥೆ’ಯಲ್ಲಿಯೇ ಕಾಣಿಸಿಕೊಂಡಿದೆ. ಕನ್ನಡದ ಓದುಗರಿಗೆ ಇಲ್ಲಿ ಕಂಪಿಲಿಯ ಕುಮಾರರಾಮ ನೆನಪಾಗುವುದು ಸಹಜ. ರತ್ನಾಜಿಯ ಸುಳ್ಳು ದೂರನ್ನು ನಂಬಿ ಕಂಪಿಲರಾಯ ಮಗನ ತಲೆ ತೆಗೆಯಲು ಆಜ್ಞೆ ಮಾಡುತ್ತಾನೆ; ಮಂತ್ರಿ ಬೈಚಪ್ಪ ಅವನನ್ನು ಗುಟ್ಟಾಗಿ ಅಡಗಿಸಿಡುತ್ತಾನೆ; ದೆಹಲಿಯ ದಂಡು ಮೇಲೆ ಬಿದ್ದಾಗ ಅದೇ ಮಗ ಹೊರಬಂದು ತಂದೆಯ ರಾಜ್ಯಕ್ಕಾಗಿ ಕಾದುತ್ತಾನೆ. ಅನ್ಯಾಯಕ್ಕೆ ಒಳಗಾದವನೇ ಅನ್ಯಾಯ ಮಾಡಿದವರನ್ನು ಕಾಯುವ ಈ ಎಳೆ ಎರಡೂ ಕಥೆಗಳಿಗೆ ಸಮಾನ.

ವ್ಯತ್ಯಾಸವಿರುವುದು ಮುಕ್ತಾಯದಲ್ಲಿ. ಕುಮಾರರಾಮ ಯುದ್ಧದಲ್ಲಿ ಮಡಿದು ಪೂಜೆಗೊಳ್ಳುತ್ತಾನೆ. ಯೋಸೇಫನಿಗೆ ಆ ಬಿಡುಗಡೆಯಿಲ್ಲ. ಮಾರಿದವರ ಜೊತೆಯಲ್ಲೇ ಅವನು ಬಾಳಬೇಕು. ಆದಿಕಾಂಡ ಕೊಡುವ ವಯಸ್ಸುಗಳನ್ನು ಲೆಕ್ಕ ಹಾಕಿದರೆ ಇದರ ಭಾರ ತಿಳಿಯುತ್ತದೆ. ಕಥೆ ಆರಂಭವಾಗುವಾಗ ಯೋಸೇಫನಿಗೆ 17 ವರ್ಷ. ಫರೋಹನ ಮುಂದೆ ನಿಂತಾಗ 30. ಸುಭಿಕ್ಷದ 7 ವರ್ಷ, ಬರಗಾಲದ 2 ವರ್ಷ ಕಳೆದ ಮೇಲೆ ಅಣ್ಣಂದಿರಿಗೆ ತನ್ನ ಗುರುತು ಹೇಳಿಕೊಳ್ಳುತ್ತಾನೆ. ಯಾಕೋಬ ಐಗುಪ್ತದಲ್ಲಿ 17 ವರ್ಷ ಬದುಕಿರುತ್ತಾನೆ. ಅಂದರೆ ಗುಂಡಿಗೆ ತಳ್ಳಿದ ದಿನದಿಂದ ಈ ಕೊನೆಯ ಮಾತುಕತೆಗೆ ಸುಮಾರು 39 ವರ್ಷಗಳ ಅಂತರ. ಅವುಗಳಲ್ಲಿ ಕೊನೆಯ 17 ವರ್ಷ ಯೋಸೇಫ ಅವರಿಗೆ ಅನ್ನ ಕೊಟ್ಟಿದ್ದಾನೆ, ನೆಲ ಕೊಟ್ಟಿದ್ದಾನೆ. ಆದರೂ ಅವರ ಭಯ ಹೋಗಿಲ್ಲ. ಹೆಚ್ಚಿನ ಜನಪದ ಕಥೆಗಳು ಗುರುತು ಹತ್ತುವ ಸನ್ನಿವೇಶದಲ್ಲಿ, ಅಪ್ಪುಗೆ ಮತ್ತು ಕಣ್ಣೀರಿನಲ್ಲಿ ನಿಲ್ಲುತ್ತವೆ. ಆದಿಕಾಂಡದ ನಿರೂಪಕ ಅಲ್ಲಿ ನಿಲ್ಲದೆ, ರಾಜಿಯಾದ ಮನೆಯಲ್ಲಿ ಉಳಿದ ಅಪನಂಬಿಕೆಯನ್ನೂ ಹೇಳುತ್ತಾನೆ.

ಗುರುತು ಹೇಳಿಕೊಳ್ಳುವ ಮೊದಲು ಯೋಸೇಫ ಅಣ್ಣಂದಿರನ್ನು ಕಠಿಣವಾಗಿ ಪರೀಕ್ಷಿಸಿದ್ದನೆಂಬುದನ್ನು ಭಕ್ತಿಯ ಓದು ಹಲವು ಸಲ ಮರೆಯುತ್ತದೆ. ಅವರನ್ನು ಗೂಢಚಾರರೆಂದು ಗದರಿಸುತ್ತಾನೆ, ಸಿಮೆಯೋನನನ್ನು ಸೆರೆಯಲ್ಲಿಡುತ್ತಾನೆ, ಕಿರಿಯ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಬಟ್ಟಲನ್ನು ಇಡಿಸಿ ಅವನನ್ನು ಕಳ್ಳನನ್ನಾಗಿ ಮಾಡುತ್ತಾನೆ. ಹಿಂದೆ ಯೋಸೇಫನನ್ನು ಮಾರಿಬಿಡೋಣವೆಂದು ಸಲಹೆ ಕೊಟ್ಟವನು ಯೆಹೂದ. ಈಗ ಅದೇ ಯೆಹೂದ, ತಮ್ಮನ ಬದಲಿಗೆ ತಾನೇ ಗುಲಾಮನಾಗಿ ನಿಲ್ಲುತ್ತೇನೆಂದು ಮುಂದೆ ಬರುತ್ತಾನೆ. ಯೋಸೇಫನ ಬಾಯಿಂದ ದೇವರ ಯೋಜನೆಯ ಮಾತು ಮೊದಲ ಬಾರಿಗೆ ಹೊರಡುವುದು ಇದಾದ ಮೇಲೆ, ತಪ್ಪಿತಸ್ಥರು ಬದಲಾಗಿದ್ದಾರೆಂಬುದು ಖಚಿತವಾದ ಮೇಲೆ. ಆ ಮೊದಲ ಸಲ, ತನ್ನನ್ನು ಇಲ್ಲಿಗೆ ಕಳುಹಿಸಿದವನು ದೇವರೇ ಹೊರತು ಅವರಲ್ಲವೆಂದು ಅವನು ಅಣ್ಣಂದಿರ ಪಾಲನ್ನೇ ಅಳಿಸಿದಂತೆ ಮಾತನಾಡುತ್ತಾನೆ. ತಂದೆಯ ಮರಣಾನಂತರದ ಎರಡನೆಯ ಮಾತು ಹಾಗಲ್ಲ. ಅವರು ಬಗೆದದ್ದು ಕೇಡೆಂದು ಮೊದಲು ಸ್ಪಷ್ಟವಾಗಿ ಹೆಸರಿಸಿ, ಬಳಿಕ ದೇವರ ಒಳಿತನ್ನು ಹೇಳುತ್ತಾನೆ. 17 ವರ್ಷಗಳಲ್ಲಿ ಆ ಮಾತು ಇನ್ನಷ್ಟು ನೇರವಾಗಿದೆ.

ಮೂಲ ಹೀಬ್ರೂ ಭಾಷೆಯ ಎರಡು ಕ್ರಿಯಾಪದಗಳು ಇಲ್ಲಿ ಗಮನಾರ್ಹ. ಅಣ್ಣಂದಿರು ಕ್ಷಮೆ ಬೇಡುವಾಗ ಬಳಸುವ ‘ನಾಸಾ’ ಎಂಬ ಪದಕ್ಕೆ ಎತ್ತು, ಹೊರು ಎಂದು ಮೂಲಾರ್ಥ. ಅವರು ಕೇಳುತ್ತಿರುವುದು ತಮ್ಮ ತಪ್ಪನ್ನು ಇನ್ನೊಬ್ಬನು ಹೊರಬೇಕೆಂದು. ಕನ್ನಡದ ಆಡುಮಾತಿನಲ್ಲಿ ‘ತಪ್ಪನ್ನು ಹೊಟ್ಟೆಗೆ ಹಾಕಿಕೋ’ ಎನ್ನುವಲ್ಲಿ ಇರುವುದು ಹೆಚ್ಚುಕಡಿಮೆ ಇದೇ ಅನುಭವ: ಕ್ಷಮಿಸುವವನು ತಪ್ಪನ್ನು ಇಲ್ಲವಾಗಿಸುವುದಿಲ್ಲ, ಒಳಗೆ ತೆಗೆದುಕೊಂಡು ಅರಗಿಸಿಕೊಳ್ಳುತ್ತಾನೆ. ಕ್ಷಮೆ, ಮನ್ನಣೆ ಮೊದಲಾದ ಶಿಷ್ಟ ಪದಗಳಿಗಿಂತ ಈ ನುಡಿಗಟ್ಟು ಮೂಲಕ್ಕೆ ಹತ್ತಿರವಾಗಿದೆ. ಇನ್ನೊಂದು ಪದ ‘ಹಾಶಬ್’. ಎಣಿಸು, ಯೋಚಿಸು, ಹವಣಿಸು ಎಂಬ ಅರ್ಥಗಳ ಜೊತೆಗೆ ಇದೇ ಧಾತುವಿನಿಂದ ಬಂದ ನಾಮಪದವನ್ನು ವಿಮೋಚನಕಾಂಡದಲ್ಲಿ ಚಿತ್ರವಿಚಿತ್ರವಾಗಿ ನೇಯುವ ಕುಶಲಕರ್ಮಿಗೆ ಬಳಸಲಾಗಿದೆ. ಅಣ್ಣಂದಿರು ಕೇಡನ್ನು ಬಗೆದರೆನ್ನುವಲ್ಲಿಯೂ ದೇವರು ಒಳಿತನ್ನು ಬಗೆದನೆನ್ನುವಲ್ಲಿಯೂ ಕ್ರಿಯಾಪದ ಒಂದೇ. ಒಳಸಂಚನ್ನು ಕನ್ನಡದಲ್ಲಿಯೂ ಹೆಣೆಯುತ್ತಾರಷ್ಟೆ. ಒಂದೇ ನೂಲಿನಲ್ಲಿ ಎರಡು ಕೈಗಳ ಹೆಣಿಗೆ ನಡೆದಿದೆ ಎಂಬ ಸೂಚನೆ ಈ ಪುನರುಕ್ತಿಯಲ್ಲಿದೆ.

ಆದರೆ ಇಷ್ಟೆಲ್ಲ ಆದರೂ ‘ಕ್ಷಮಿಸಿದ್ದೇನೆ’ ಎಂಬ ಪದವನ್ನು ಯೋಸೇಫ ಎಲ್ಲಿಯೂ ಉಚ್ಚರಿಸುವುದಿಲ್ಲ. ಭಯಪಡಬೇಡಿರೆಂದು ಹೇಳುತ್ತಾನೆ, ಅವರನ್ನೂ ಅವರ ಮಕ್ಕಳುಮರಿಗಳನ್ನೂ ಸಾಕುವ ಮಾತು ಕೊಡುತ್ತಾನೆ. ಹಾಗೆಯೇ, ತಂದೆ ಅಪ್ಪಣೆ ಕೊಟ್ಟಿದ್ದನೆಂಬ ಅಣ್ಣಂದಿರ ಮಾತಿಗೆ ಪಠ್ಯದಲ್ಲಿ ಬೇರೆಲ್ಲಿಯೂ ಆಧಾರವಿಲ್ಲ. ಯೆಹೂದಿ ಧರ್ಮಶಾಸ್ತ್ರವಾದ ತಾಲ್ಮುದ್ ಇದನ್ನು ಗುರುತಿಸಿ, ಶಾಂತಿಗಾಗಿ ಮಾತನ್ನು ತುಸು ಬದಲಿಸಬಹುದೆಂಬ ವಿಧಿಗೆ ಇದೇ ಪ್ರಸಂಗವನ್ನು ನಿದರ್ಶನವಾಗಿ ಕೊಡುತ್ತದೆ. ಸತ್ತವನ ಹೆಸರಿನಲ್ಲಿ ಕ್ಷಮೆಯ ಅಪ್ಪಣೆ ತರುವ ಈ ಉಪಾಯಕ್ಕೆ ಯೋಸೇಫ ಉತ್ತರವನ್ನೇ ಕೊಡದಿರುವುದು ಸಾಮಾನ್ಯ ಸಂಗತಿಯಲ್ಲ.

ಹೊಸ ಒಡಂಬಡಿಕೆಯಲ್ಲಿ ಈ ಕಥೆ ನೇರವಾಗಿ ಮರಳುವುದು ಸ್ತೆಫನನ ಭಾಷಣದಲ್ಲಿ. ಯೋಸೇಫನನ್ನು ಮಾರಿದ್ದನ್ನು ನೆನೆದ ಅದೇ ಸ್ತೆಫನ ಕಲ್ಲೇಟಿನಿಂದ ಸಾಯುತ್ತ ಕಲ್ಲೆಸೆದವರಿಗಾಗಿ ಪ್ರಾರ್ಥಿಸುತ್ತಾನೆ. ಅಲ್ಲಿ ಬಟ್ಟೆಗಳನ್ನು ಕಾಯುತ್ತ ನಿಂತಿದ್ದ ಸೌಲನೇ ಮುಂದೆ ಪೌಲನಾದ. ಸ್ತೆಫನ ಪ್ರಾರ್ಥಿಸದಿದ್ದರೆ ಸಭೆಗೆ ಪೌಲ ದೊರೆಯುತ್ತಿರಲಿಲ್ಲವೆಂದು ಸಂತ ಅಗಸ್ಟೀನ ಪ್ರವಚನವೊಂದರಲ್ಲಿ ಹೇಳಿದ್ದಾನೆ. ಯೇಸು ಕಲಿಸಿದ ಪ್ರಾರ್ಥನೆಯ ಮತ್ತಾಯನ ಪಾಠದಲ್ಲಿ ಪಾಪವನ್ನು ‘ಸಾಲ’ ಎನ್ನಲಾಗಿದೆ. ಯೇಸುವಿನ ಆಡುನುಡಿಯಾದ ಅರಮಾಯಿಕ್‌ನಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ. ಈ ರೂಪಕದ ಒಳತರ್ಕ ಸರಳ. ಸಾಲ ಮನ್ನಾ ಮಾಡುವ ಅಧಿಕಾರ ಸಾಲ ಕೊಟ್ಟವನದು. ದಾರಿಹೋಕನಿಗೆ ಅದರಲ್ಲಿ ಹಕ್ಕಿಲ್ಲ.

ಸಭಾಪಿತೃಗಳ ಕಾಲದಲ್ಲಿ ಯೋಸೇಫ ಕ್ರಿಸ್ತನ ಪೂರ್ವಛಾಯೆಯಾದ. ಮಿಲಾನಿನ ಆಂಬ್ರೋಸ್ ಅವನ ಬಗೆಗೆ ಪ್ರತ್ಯೇಕ ಕೃತಿಯನ್ನೇ ಬರೆದಿದ್ದಾನೆ. ಕಾನ್‌ಸ್ಟಾಂಟಿನೋಪಲಿನ ಜಾನ್ ಕ್ರಿಸಾಸ್ಟಮ್ ಗಡೀಪಾರಿನಲ್ಲಿದ್ದಾಗ ದೈವಸಂಕಲ್ಪದ ಬಗೆಗೆ ಬರೆಯುತ್ತ ಅಬ್ರಹಾಮ, ಯೋಸೇಫ, ದಾವೀದರನ್ನು ಉದಾಹರಿಸಿದ. 407ರಲ್ಲಿ ಆ ಗಡೀಪಾರಿನ ದಾರಿಯಲ್ಲೇ ತೀರಿಕೊಂಡ. ಅವನ ಮಾತಿಗೆ ಅವನ ದೇಹವೇ ಸಾಕ್ಷಿಯಾಗಿತ್ತು. ಅಗಸ್ಟೀನನಲ್ಲಿ ಈ ವಿಚಾರ ಸೂತ್ರರೂಪ ಪಡೆಯುತ್ತದೆ. ಕೇಡೇ ಇಲ್ಲದಂತೆ ಮಾಡುವುದಕ್ಕಿಂತ ಕೇಡಿನಿಂದ ಒಳಿತನ್ನು ತರುವುದು ಮೇಲೆಂದು ದೇವರು ಬಗೆದನೆಂಬ ಅವನ ನಿರೂಪಣೆಯನ್ನು, 421ರ ಸುಮಾರಿಗೆ ಬರೆದ ಕೈಪಿಡಿಯಿಂದ ಎತ್ತಿಕೊಂಡು ಎಂಟು ಶತಮಾನಗಳ ನಂತರ ಥಾಮಸ್ ಅಕ್ವೀನಾಸ್ ತನ್ನ ವಾದಕ್ಕೆ ಬಳಸುತ್ತಾನೆ. ಆದಾಮನ ತಪ್ಪಿನಿಂದಲೇ ವಿಮೋಚಕ ದೊರೆತನೆಂದು ಆ ತಪ್ಪನ್ನೇ ಕೊಂಡಾಡುವ ಭಾಗವೂ ಪಾಸ್ಕ ಜಾಗರಣೆಯ ಲ್ಯಾಟಿನ್ ಸ್ತೋತ್ರದಲ್ಲಿ ಸೇರಿತು. ಮಧ್ಯಯುಗದ ಕೆಲವು ಪ್ರತಿಗಳು ಆ ಭಾಗವನ್ನು ಬಿಟ್ಟಿರುವುದು, ಕೆಲವರಿಗಾದರೂ ಅದು ಅತಿಯೆನಿಸಿತ್ತೆಂಬುದಕ್ಕೆ ಗುರುತು.

ಇಲ್ಲೊಂದು ಸ್ಥಿತ್ಯಂತರ ನಡೆದಿದೆ. ಯೋಸೇಫನದು ಉತ್ತಮಪುರುಷದ ಮಾತು. ಅಗಸ್ಟೀನನದು ಪ್ರಥಮಪುರುಷದ್ದು, ಯಾರ ಕೇಡಿಗಾದರೂ ಅನ್ವಯಿಸಬಲ್ಲ ಸಾಮಾನ್ಯ ನಿಯಮ. ಅನ್ವಯಿಸುವ ಪ್ರಸಂಗ ಅಗಸ್ಟೀನನಿಗೇ ಬಂದೊದಗಿತು. 410ರಲ್ಲಿ ಗಾಥರು ರೋಮ್ ನಗರವನ್ನು ಸೂರೆಗೊಂಡಾಗ ಕ್ರೈಸ್ತ ಸ್ತ್ರೀಯರ ಮೇಲೆಯೂ ಅತ್ಯಾಚಾರ ನಡೆಯಿತು. ‘ದೇವನಗರ’ ಗ್ರಂಥದ ಮೊದಲ ಭಾಗದಲ್ಲಿ ಅಗಸ್ಟೀನ ಅವರ ಪರವಾಗಿ ವಾದಿಸುತ್ತಾನೆ: ಒಪ್ಪಿಗೆಯಿಲ್ಲದೆ ನಡೆದ ಕೃತ್ಯದಿಂದ ಶೀಲ ಕೆಡದು, ಆ ಸ್ತ್ರೀಯರು ಪ್ರಾಣ ಕಳೆದುಕೊಳ್ಳಬೇಕಾಗಿಲ್ಲ. ಲುಕ್ರೇಷಿಯಾಳ ಆತ್ಮಹತ್ಯೆಯನ್ನು ಆದರ್ಶವಾಗಿ ಕಂಡಿದ್ದ ರೋಮನ್ ಸಮಾಜದಲ್ಲಿ ಇದು ಧೈರ್ಯದ ನಿಲುವು. ಆದರೆ ಅದೇ ಭಾಗದಲ್ಲಿ, ತಮ್ಮ ಶೀಲದ ಬಗೆಗೆ ಒಳಗೊಳಗೇ ಹೆಮ್ಮೆಯಿತ್ತೇ ಎಂದು ಅವರು ಪರೀಕ್ಷಿಸಿಕೊಳ್ಳಲಿ, ಆ ಹೆಮ್ಮೆಯನ್ನು ತಗ್ಗಿಸಲೆಂದೇ ದೇವರು ಇದಕ್ಕೆ ಎಡೆಗೊಟ್ಟಿರಬಹುದು ಎಂದೂ ಸೂಚಿಸುತ್ತಾನೆ. ನೊಂದವಳ ನೋವಿನಲ್ಲಿ ಒಳಿತು ಏನೆಂಬುದನ್ನು ಹೊರಗಿನವನು ಹುಡುಕಹೊರಟಾಗ ಎಷ್ಟು ದೊಡ್ಡ ಮೇಧಾವಿಯ ಕೈಯಲ್ಲಿಯೂ ಮಾತು ಕಟುವಾಗುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ.

ನಮ್ಮ ಜನಪದರು ಈ ಸೂಕ್ಷ್ಮವನ್ನು ಬಲ್ಲವರು. ಕರ್ನಾಟಕದಲ್ಲಿಯೂ ಹೊರಗೂ ಪ್ರಚಲಿತವಾಗಿರುವ ಕಥೆಯೊಂದರಲ್ಲಿ, ರಾಜನ ಬೆರಳು ಕತ್ತರಿಸಿಹೋದಾಗ ಮಂತ್ರಿ ‘ಎಲ್ಲ ಒಳ್ಳೆಯದಕ್ಕೇ’ ಎನ್ನುತ್ತಾನೆ. ಸಿಟ್ಟಾದ ರಾಜ ಅವನನ್ನು ಸೆರೆಗೆ ತಳ್ಳುತ್ತಾನೆ. ಮುಂದೆ ಬೇಟೆಗೆ ಹೋದ ರಾಜನನ್ನು ಕಾಡಿನವರು ಬಲಿಗೆಂದು ಹಿಡಿಯುತ್ತಾರೆ. ಅಂಗ ಊನವಾದವನೆಂದು ಬಿಟ್ಟುಬಿಡುತ್ತಾರೆ. ಮಂತ್ರಿಯ ಮಾತು ನಿಜವಾಯಿತು. ಆದರೆ ಸೆರೆಯಲ್ಲಿ ಕೊಳೆತ ಅವನಿಗೆ ಆದ ಒಳಿತೇನು? ಇದ್ದಿದ್ದರೆ ಜೊತೆಯಲ್ಲಿ ಬಂದು ತಾನೇ ಬಲಿಯಾಗುತ್ತಿದ್ದೆ ಎಂದು ಮಂತ್ರಿ ಉತ್ತರಿಸುತ್ತಾನೆ. ಕಥೆಯನ್ನು ಸಾಮಾನ್ಯವಾಗಿ ವಿಧಿಯ ಮೇಲಿನ ನಂಬಿಕೆಯ ದೃಷ್ಟಾಂತವಾಗಿ ಹೇಳುತ್ತಾರೆ. ಆದರೆ ಅದರ ರಚನೆಯೇ ಬೇರೆ ಮಾತನ್ನು ಹೇಳುತ್ತಿದೆ: ಇನ್ನೊಬ್ಬನ ಗಾಯದ ಬಗೆಗೆ ಆಡಿದ ಮಾತಿಗೆ ಶಿಕ್ಷೆಯಾಯಿತು, ತನ್ನದೇ ಸೆರೆಯ ಬಗೆಗೆ ಆಡಿದಾಗ ಮಾತ್ರ ಅದು ಒಪ್ಪಿಗೆಯಾಯಿತು. ಪುರಂದರದಾಸರು ತಮಗೊದಗಿದ್ದೆಲ್ಲ ಒಳಿತಿಗೇ ಕಾರಣವಾಯಿತೆಂದು ಹಾಡಿದ್ದೂ ತಮ್ಮ ಬದುಕನ್ನು ಕುರಿತೇ.

ಪ್ರಥಮಪುರುಷದ ಮಾತು ಚರಿತ್ರೆಯಲ್ಲಿ ಮಾಡಿದ ಅತಿ ದೊಡ್ಡ ಅನಾಹುತ ಅಟ್ಲಾಂಟಿಕ್ ಗುಲಾಮಗಿರಿಯದು. 1444ರ ಆಗಸ್ಟ್ ತಿಂಗಳಲ್ಲಿ ಪೋರ್ಚುಗಲ್ಲಿನ ಲಾಗೋಸ್ ಬಂದರಿನಲ್ಲಿ 235 ಮಂದಿ ಆಫ್ರಿಕನ್ ಸೆರೆಯಾಳುಗಳನ್ನು ಇಳಿಸಿ ಪಾಲು ಮಾಡಲಾಯಿತು. ರಾಜಕುಮಾರ ಹೆನ್ರಿಗೆ ಸಂದ ಪಾಲು 46. ಗಂಡನಿಂದ ಹೆಂಡತಿಯನ್ನು, ತಾಯಿಯಿಂದ ಮಕ್ಕಳನ್ನು ಬೇರ್ಪಡಿಸಿದ ಆ ದೃಶ್ಯವನ್ನು ಆಸ್ಥಾನದ ಚರಿತ್ರೆಕಾರ ಜುರಾರಾ ಮರುಕದಿಂದಲೇ ಬಣ್ಣಿಸಿ, ಕೊನೆಗೆ ಅವರ ಆತ್ಮಗಳಿಗೆ ಮೋಕ್ಷ ದೊರೆಯಿತೆಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಮುಂದಿನ ನಾಲ್ಕು ಶತಮಾನಗಳ ಕಾಲ ಗುಲಾಮಗಿರಿಯ ಸಮರ್ಥಕರು ಬಗೆಬಗೆಯಾಗಿ ಹೇಳುತ್ತ ಬಂದದ್ದು ಇದನ್ನೇ. ಯೋಸೇಫನ ಮಾತನ್ನು ಅಣ್ಣಂದಿರೇ ಆಡಿದ್ದರೆ ಹೇಗಿರುತ್ತಿತ್ತೋ ಹಾಗೆ.

ಈ ಹಿನ್ನೆಲೆಯಲ್ಲಿ 1787ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕ್ವೋಬ್ನಾ ಒಟ್ಟೊಬಾ ಕುಗೊವಾನೊನ ಕೃತಿ ಅಸಾಧಾರಣವಾದುದು. ಇಂದಿನ ಘಾನಾ ದೇಶದ ಫಾಂಟೆ ಜನಾಂಗದಲ್ಲಿ 1757ರ ಸುಮಾರಿಗೆ ಹುಟ್ಟಿದ ಅವನನ್ನು ಸುಮಾರು 13ನೆಯ ವಯಸ್ಸಿನಲ್ಲಿ, ಇತರ ಮಕ್ಕಳೊಂದಿಗೆ ಕಾಡಿನಲ್ಲಿ ಆಡುತ್ತಿದ್ದಾಗ ಅಪಹರಿಸಲಾಯಿತು. ಮೊದಲು ಹಿಡಿದವರು ತನ್ನದೇ ಮೈಬಣ್ಣದವರೆಂಬುದನ್ನು ಅವನು ಮುಚ್ಚಿಡುವುದಿಲ್ಲ. ತನ್ನ ಬೆಲೆಯಾಗಿ ಒಂದು ಬಂದೂಕು, ಒಂದು ತುಂಡು ಬಟ್ಟೆ, ಒಂದಿಷ್ಟು ಸೀಸ ಕೈ ಬದಲಾದದ್ದನ್ನು ಕಣ್ಣಾರೆ ಕಂಡೆನೆಂದು ಬರೆದಿದ್ದಾನೆ. ಯೋಸೇಫನ 20 ಬೆಳ್ಳಿಯ ಪಕ್ಕದಲ್ಲಿಡಬೇಕಾದ ವಿವರ ಇದು. ವೆಸ್ಟ್ ಇಂಡೀಸಿನ ಗ್ರೆನಡಾ ದ್ವೀಪದ ತೋಟಗಳಲ್ಲಿ ದುಡಿದು, 1772ರ ಕೊನೆಯಲ್ಲಿ ಒಡೆಯನೊಂದಿಗೆ ಇಂಗ್ಲೆಂಡಿಗೆ ಬಂದ. 1773ರಲ್ಲಿ ಜಾನ್ ಸ್ಟುವರ್ಟ್ ಎಂಬ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದ. ಮುಂದೆ ಚಿತ್ರಕಾರ ರಿಚರ್ಡ್ ಕಾಸ್ವೇಯ ಮನೆಯಲ್ಲಿ ಸೇವಕನಾಗಿದ್ದ. 1786ರಲ್ಲಿ, ವೆಸ್ಟ್ ಇಂಡೀಸಿಗೆ ಸಾಗಿಸಲೆಂದು ಹಡಗಿಗೆ ಏರಿಸಿದ್ದ ಹೆನ್ರಿ ಡೆಮೇನ್ ಎಂಬ ಕರಿಯನ ವಿಷಯವನ್ನು ಗ್ರ್ಯಾನ್‌ವಿಲ್ ಶಾರ್ಪ್‌ಗೆ ಮುಟ್ಟಿಸಿ, ಅವನ ಬಿಡುಗಡೆಗೆ ಕಾರಣನಾದ.

ತನ್ನ ಅಪಹರಣದ ವೃತ್ತಾಂತವನ್ನು ಹೇಳಿ ಮುಗಿಸುವ ಹಂತದಲ್ಲಿ ಕುಗೊವಾನೊ ಯೋಸೇಫನನ್ನು ಹೆಸರಿಸಿಯೇ ನೆನೆಯುತ್ತಾನೆ. ತನ್ನನ್ನು ಹೊತ್ತೊಯ್ದ ದರೋಡೆಕೋರರ ಉದ್ದೇಶ ಎಷ್ಟೇ ಕೆಟ್ಟದಾಗಿದ್ದರೂ ದೇವರು ಅದನ್ನು ತನ್ನ ಒಳಿತಿಗೆ ತಿರುಗಿಸಿದನೆಂದು ನಂಬುತ್ತೇನೆ ಎಂಬುದು ಆ ಭಾಗದ ಸಾರ. ಜುರಾರಾ ಹೇಳಿದ್ದಕ್ಕೂ ಇದಕ್ಕೂ ಮೇಲುನೋಟಕ್ಕೆ ಭೇದವಿಲ್ಲ; ಅಕ್ಷರ ಕಲಿತದ್ದನ್ನು, ಕ್ರೈಸ್ತ ಶ್ರದ್ಧೆಯನ್ನು ಪಡೆದದ್ದನ್ನು ಕುಗೊವಾನೊ ಒಳಿತೆಂದೇ ಎಣಿಸುತ್ತಾನೆ. ಆದರೆ ಪುಸ್ತಕದ ಉಳಿದ ಭಾಗ ಈ ಮಾತು ಯಾರ ಪರ ನಿಲ್ಲುತ್ತದೆಂಬುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸುತ್ತದೆ. ಬೈಬಲಿನ ಆಧಾರದಿಂದ ಗುಲಾಮಗಿರಿಯನ್ನು ಸಮರ್ಥಿಸುವವರ ವಾದಗಳನ್ನು ಅವನು ಒಂದೊಂದಾಗಿ ಬಿಡಿಸಿ ಖಂಡಿಸುತ್ತಾನೆ. ಗುಲಾಮರ ವ್ಯಾಪಾರವನ್ನಷ್ಟೇ ನಿಲ್ಲಿಸಿದರೆ ಸಾಲದು, ಇರುವ ಗುಲಾಮರನ್ನೂ ಬಿಡುಗಡೆ ಮಾಡಬೇಕೆಂದು ಒತ್ತಾಯಿಸುತ್ತಾನೆ. ಈ ಪಾಪಕ್ಕಾಗಿ ದೇಶವೇ ಶೋಕದ, ಉಪವಾಸದ ದಿನಗಳನ್ನು ಆಚರಿಸಲಿ, ವ್ಯಾಪಾರವನ್ನು ತಡೆಯಲು ಆಫ್ರಿಕದ ಕರಾವಳಿಗೆ ನೌಕಾಪಡೆ ಹೋಗಲಿ ಎಂಬವು ಅವನ ಸಲಹೆಗಳು. ದೇವರು ಕೇಡನ್ನು ಒಳಿತಾಗಿಸಿದನೆಂಬ ನಂಬಿಕೆ ಕೇಡು ಮಾಡಿದವನ ಲೆಕ್ಕವನ್ನು ಚುಕ್ತಾ ಮಾಡುವುದಿಲ್ಲವೆಂಬುದು ಅವನ ಖಚಿತ ನಿಲುವು. ಅಣ್ಣಂದಿರು ಬಗೆದದ್ದು ಕೇಡೆಂದು ಮೊದಲು ಹೆಸರಿಸಿದ ಯೋಸೇಫನಿಗೆ ಅಷ್ಟೊಂದು ಸಮೀಪವಾದ ವ್ಯಾಖ್ಯಾನ ವಿದ್ವತ್ ಪರಂಪರೆಯಲ್ಲಿ ಅಪರೂಪ.

ಬೈಬಲಿನ ಪಠ್ಯ ಸಹ ಯೋಸೇಫನ ಒಳಿತಿನ ಇನ್ನೊಂದು ಮುಖವನ್ನು ಬಚ್ಚಿಟ್ಟಿಲ್ಲ. ಬರಗಾಲದಲ್ಲಿ ಅವನು ಧಾನ್ಯ ಮಾರಿದ ಬಗೆಯಿಂದ ಐಗುಪ್ತದ ರೈತರು ಮೊದಲು ಹಣವನ್ನು, ಆಮೇಲೆ ದನಕರುಗಳನ್ನು, ಕೊನೆಗೆ ಹೊಲಗಳನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸಿ, ಬೆಳೆಯ ಐದರಲ್ಲೊಂದು ಪಾಲು ತೆರುವವರಾದರು. ಬಹುಜನರ ಪ್ರಾಣವೇನೋ ಉಳಿಯಿತು. ಆದರೆ ಮಾರಲ್ಪಟ್ಟವನ ಆಡಳಿತದಲ್ಲೇ ಒಂದು ನಾಡು ಮಾರಾಟವಾಯಿತು. ಯೋಸೇಫನನ್ನರಿಯದ ಹೊಸ ಅರಸನ ಕಾಲಕ್ಕೆ ಅವನ ಸಂತತಿಯವರೇ ಬಿಟ್ಟಿ ದುಡಿಯುವವರಾದರು.

ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ದಕ್ಷಿಣ ಆಫ್ರಿಕದಲ್ಲಿ 1995ರ ಕಾಯಿದೆಯಂತೆ ಸ್ಥಾಪಿತವಾದ ಸತ್ಯ ಮತ್ತು ಸಾಮರಸ್ಯ ಆಯೋಗಕ್ಕೆ ಆಂಗ್ಲಿಕನ್ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷರಾದರು. ರಾಜಕೀಯ ಉದ್ದೇಶದಿಂದ ಮಾಡಿದ ಅಪರಾಧವನ್ನು ಪೂರ್ತಿಯಾಗಿ ಹೇಳಿದವರಿಗೆ ಕ್ಷಮಾದಾನ ದೊರೆಯಬಹುದಿತ್ತು. ಪಶ್ಚಾತ್ತಾಪವನ್ನು ಕಾಯಿದೆ ಕೇಳಿರಲಿಲ್ಲ. 1977ರಲ್ಲಿ ಪೊಲೀಸ್ ವಶದಲ್ಲಿ ಸತ್ತ ಸ್ಟೀವ್ ಬಿಕೊ ಅವರ ಕುಟುಂಬ ಮತ್ತು ಇತರ ಕೆಲವರು, ತಮ್ಮ ಹಕ್ಕನ್ನು ಪ್ರಭುತ್ವವು ಬಿಟ್ಟುಕೊಡುವಂತಿಲ್ಲವೆಂದು ಇದನ್ನು ಪ್ರಶ್ನಿಸಿದರು. 1996ರ ಜುಲೈನಲ್ಲಿ ಸಾಂವಿಧಾನಿಕ ನ್ಯಾಯಾಲಯ ಅವರ ಅರ್ಜಿಯನ್ನು ತಳ್ಳಿಹಾಕಿತು. ಹೊಸ ದೇಶ ರಕ್ತಪಾತವಿಲ್ಲದೆ ಹುಟ್ಟಬೇಕಾದರೆ ಬೇರೆ ದಾರಿಯಿರಲಿಲ್ಲವೆಂಬ ವಾದದಲ್ಲಿ ಹುರುಳಿದೆ. ಆದರೆ ಪ್ರಭುತ್ವ ಕೊಟ್ಟ ಮಾಫಿಯನ್ನೂ ನೊಂದವರ ಕ್ಷಮೆಯನ್ನೂ ಒಂದೇ ಹೆಸರಿನಿಂದ ಕರೆಯುವುದು ಸರಿಯಲ್ಲ. ಆಯೋಗದ ಮುಂದೆ ಹಂತಕರನ್ನು ತಾವಾಗಿಯೇ ಕ್ಷಮಿಸಿದವರೂ ಇದ್ದರು, ಕ್ಷಮಿಸಲಾರೆವೆಂದು ಎದ್ದುಹೋದವರೂ ಇದ್ದರು. ಸಾಲದ ರೂಪಕದಲ್ಲಿ ನೋಡಿದರೆ ಎರಡೂ ಒಂದೇ ಹಕ್ಕಿನ ಚಲಾವಣೆ.

ಯೋಸೇಫ ಸಾಯುವ ಮೊದಲು ಇಸ್ರಾಯೇಲಿನ ಮಕ್ಕಳಿಂದ ಒಂದು ಪ್ರಮಾಣ ಮಾಡಿಸುತ್ತಾನೆ. ಐಗುಪ್ತವನ್ನು ಬಿಡುವಾಗ ತನ್ನ ಎಲುಬುಗಳನ್ನು ಹೊತ್ತೊಯ್ಯಬೇಕು. ಇಷ್ಟು ಉಪಕರಿಸಿದ ನೆಲದಲ್ಲಿ ಅವನಿಗೆ ಶಾಶ್ವತವಾಗಿ ಮಲಗುವ ಮನಸ್ಸಿರಲಿಲ್ಲ. ವಿಮೋಚನೆಯ ರಾತ್ರಿ ಮೋಶೆ ಆ ಎಲುಬುಗಳನ್ನು ತೆಗೆದುಕೊಂಡು ಹೊರಟನೆಂದೂ, ಕಡೆಗೆ ಅವುಗಳನ್ನು ಶೆಕೆಮಿನಲ್ಲಿ ಹೂಳಲಾಯಿತೆಂದೂ ಗ್ರಂಥ ಹೇಳುತ್ತದೆ. ಅಣ್ಣಂದಿರು ಕುರಿ ಮೇಯಿಸುತ್ತಿದ್ದಾರೆ, ಅವರ ಕ್ಷೇಮ ವಿಚಾರಿಸಿಕೊಂಡು ಬಾ ಎಂದು 17 ವರ್ಷದ ಹುಡುಗನನ್ನು ತಂದೆ ಕಳುಹಿಸಿದ್ದು ಅದೇ ಶೆಕೆಮಿಗೆ.

ಕುಗೊವಾನೊನ ಪುಸ್ತಕದ ಸಂಕ್ಷಿಪ್ತ ಆವೃತ್ತಿ 1791ರಲ್ಲಿ ಬಂದಿತು. ಆ ವರ್ಷದ ನಂತರ ಅವನ ಹೆಸರು ದಾಖಲೆಗಳಲ್ಲಿ ಕಾಣುವುದಿಲ್ಲ. ಬ್ರಿಟಿಷ್ ಸಂಸತ್ತು 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. 1833ರ ಕಾಯಿದೆ ಗುಲಾಮಗಿರಿಯ ರದ್ದತಿಗಾಗಿ 2 ಕೋಟಿ ಪೌಂಡುಗಳ ಪರಿಹಾರವನ್ನು ಗೊತ್ತುಪಡಿಸಿತು. ಆ ಹಣವನ್ನು ಒಡೆಯರಿಗೆ ಕೊಡಲಾಯಿತು.